ಕೂಸಿಗೆ ನಾಳದ ದಾರಿಯ ಅನ್ನ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಯಾವ ದವಾಖಾನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುವುದುಂಟು: “ಮಗು ಸೊರಗಿಬಿಟ್ಟಿದೆ ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿಬಿಡಿ, ಶಕ್ತಿ ಬರಲಿ.” ತಲೆಯ ಮೇಲೆ ಒಂದು ಬಾಟ್ಲಿ ತೂಗುಬಿದ್ದು, ಅದರಿಂದ ಹನಿಹನಿಯಾಗಿ ದ್ರವ ಇಳಿದು ಕೈಯ ನಾಳವನ್ನು ಸೇರುತ್ತಿದ್ದರೆ ಮನೆಯವರ ಮನಸ್ಸಿಗೆ ಸಮಾಧಾನ. ಮಗು ಉಣ್ಣದಿದ್ದರೂ ಅನ್ನ ಒಳಗೆ ಹೋಗುತ್ತಿದೆ ಎಂಬ ಭಾವನೆ.

ಈ ಭಾವನೆಯನ್ನು ಕೊಂಚ ಲೆಕ್ಕ ಹಾಕಿ ನೋಡೋಣ. ವಾಡಿಕೆಯಲ್ಲಿರುವ ಅರ್ಧ ಲೀಟರಿನ ಗ್ಲೂಕೋಸು ಬಾಟ್ಲಿಯಲ್ಲಿ ನೂರಕ್ಕೆ 5ರಷ್ಟು ಸಕ್ಕರೆ ಇರುತ್ತದೆ. ಎಂದರೆ ಇಡೀ ಬಾಟ್ಲಿಗೆ 25 ಗ್ರಾಮು. ಐದಾರು ಟೀ ಚಮಚದಷ್ಟು. ಅದರಿಂದ ದೇಹಕ್ಕೆ ದೊರೆಯುವ ಶಕ್ತಿ ಹೆಚ್ಚೆಂದರೆ 100 ಕ್ಯಾಲೊರಿ. 100 ಗ್ರಾಮು ರಾಗಿ ಹಿಟ್ಟಿನಲ್ಲಿ ತೊಳಸಿದ ಒಂದು ಮುದ್ದೆಯಲ್ಲಿ 300ಕ್ಕೂ ಮಿಕ್ಕಿ ಕ್ಯಾಲೊರಿ ಇದೆ. ಮೂರು ಬಾಟ್ಲಿ ಹರಿಸಿದರೂ ಒಂದು ಮುದ್ದೆಗೆ ಸಮನಾಗದು. ಮುದ್ದೆಯಲ್ಲಿರುವ ಸಸಾರಜನಕವಾಗಲಿ, ಸುಣ್ಣದ ಅಂಶವಾಗಲಿ, ಕಬ್ಬಿಣವಾಗಲಿ ಆ ಬಾಟ್ಲಿಯಲ್ಲಿ ಲವಲೇಶವೂ ಇಲ್ಲ. ಅದು ಮೈಯಲ್ಲಿ ನೀರಿನ ಅಂಶ ಕುಗ್ಗದಂತೆ, ರಕ್ತದ ಸಕ್ಕರೆ ಇಳಿಯದಂತೆ ತಾತ್ಕಾಲಿಕವಾಗಿ ನೋಡಿಕೊಳ್ಳುವ ದ್ರವ. ಆ ಕೆಲಸಕ್ಕೆ ಅದು ಅಮೂಲ್ಯವಾದದ್ದು. ಆದರೆ ಅದನ್ನು ಊಟವೆನ್ನಲಾಗದು.

ಹಾಗಾದರೆ ನಿಜವಾಗಿಯೂ ರಕ್ತನಾಳದ ಮೂಲಕ ಊಟ ಹಾಕಿ ಒಂದು ಕೂಸನ್ನು ಬೆಳೆಸಲು ಸಾಧ್ಯವೇ? ಸಾಧ್ಯ. ಆದರೆ ಆ ವಿದ್ಯೆ ಮನುಷ್ಯನಿಗೆ ಕೈವಶವಾಗಲು ಮುನ್ನೂರು ವರ್ಷಗಳು ಹಿಡಿದವು. ಆ ಮುನ್ನೂರು ವರ್ಷಗಳ ಕಥೆಯನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಬಾಯಿಯೆಂಬ ಹೆಬ್ಬಾಗಿಲಿರುವಾಗ ನಾಳವೆಂಬ ಹಿತ್ತಿಲ ಬಾಗಿಲು ಏಕೆ ಬೇಕು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಸೀಮೆಯ ಚರಿತ್ರೆಯಲ್ಲೇ ಇದೆ. ಬೆಂಗಳೂರಿನಿಂದ ರಾಮನಗರ, ಚನ್ನಪಟ್ಟಣಗಳನ್ನು ಹಾದು ಮೈಸೂರಿಗೆ ಹೋಗುವ ರೈಲುದಾರಿಯನ್ನು ನೀವೆಲ್ಲರೂ ಬಲ್ಲಿರಿ. ಈ ದಾರಿಯ ಕೆಲಸ ಆರಂಭವಾದದ್ದು ಬರಪರಿಹಾರದ ಕಾಮಗಾರಿಯಾಗಿ. 1876ರಿಂದ 1878ರವರೆಗಿನ ಆ ಬರವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರದ ಬರ’ ಎಂದೇ ಕರೆದರು. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದು ಹೆಸರು. ಕನಕಪುರಕ್ಕೆ ಕಾನಕಾನಹಳ್ಳಿ ಎಂದು ಹೆಸರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದ 55 ಸಾವಿರವಿದ್ದದ್ದು 1881ರಲ್ಲಿ 41 ಲಕ್ಷದ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನರಷ್ಟು ಬರಿದಾಗಿತ್ತು.

ಗಂಜಿ ಮನೆಗಳು ತೆರೆದ ಮೇಲೂ ಜನ ಸತ್ತರು. ಹಸಿದವರಿಗೆ ಗಂಜಿ ಸಿಕ್ಕಿತು, ಕುಡಿದರು, ಆದರೂ ಉಳಿಯಲಿಲ್ಲ. ಇದೇಕೆ ಹೀಗೆ? ಅದೇ ಬರಗಾಲದಲ್ಲಿ ಮದರಾಸಿನಲ್ಲಿದ್ದ ವೈದ್ಯ ಅಲೆಗ್ಜಾಂಡರ್ ಪೋರ್ಟರ್ ಸತ್ತವರ ದೇಹಗಳನ್ನು ಪರೀಕ್ಷಿಸಿ, ಕಂಡದ್ದನ್ನು 1889ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಬಹುಕಾಲ ಉಪವಾಸ ಬಿದ್ದವರ ಕರುಳಿನ ಗೋಡೆ ಸವೆದು ತೆಳ್ಳಗಾಗಿತ್ತು. ಆರೋಗ್ಯವಂತನ ಕರುಳಿನ ಒಳಮೈ ಮಖಮಲ್ಲಿನಂತಿರುತ್ತದೆ. ಅದರ ಒಂದೊಂದು ಕುಚ್ಚೂ ಆಹಾರದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ. ಹಸಿವು ಮಿತಿಮೀರಿದಾಗ ಈ ಕುಚ್ಚುಗಳೇ ಸವೆಯುತ್ತವೆ. ಆಮೇಲೆ ಎಲೆಯ ಮೇಲೆ ಅನ್ನವಿದ್ದೂ ಪ್ರಯೋಜನವಿಲ್ಲ. ಬಾಯಿ ತೆರೆದಿರುತ್ತದೆ, ಒಳಗಿನ ಬಾಗಿಲು ಮುಚ್ಚಿರುತ್ತದೆ.

ಬರಗಾಲವೊಂದೇ ಈ ಬಾಗಿಲನ್ನು ಮುಚ್ಚುವುದಿಲ್ಲ. ಕೆಲವು ಕೂಸುಗಳು ಹುಟ್ಟುವಾಗಲೇ ಕರುಳಿನ ಒಂದು ಭಾಗ ಬೆಳೆಯದೆ, ದಾರಿ ಕಟ್ಟಿಹೋಗಿರುತ್ತದೆ. ಕೆಲವಕ್ಕೆ ಕರುಳು ಹೊಟ್ಟೆಯ ಹೊರಗೆ ಬಂದಿರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಚೀಪಿ ನುಂಗುವ ಶಕ್ತಿಯಾಗಲಿ, ಅರಗಿಸುವ ಶಕ್ತಿಯಾಗಲಿ ಇನ್ನೂ ಬಂದಿರುವುದಿಲ್ಲ. ಅಂಥ ಕೆಲವು ಕೂಸುಗಳಲ್ಲಿ ಕರುಳಿನ ಗೋಡೆಯೇ ಉರಿದು ಕೊಳೆಯುವ ಭಯಂಕರ ಬೇನೆಯೂ ಕಾಣಿಸಿಕೊಳ್ಳುತ್ತದೆ. ಇವುಗಳಿಗೆಲ್ಲ ಹಿಂದೆ ಒಂದೇ ಗತಿ: ಎದೆಯ ತುಂಬ ಹಾಲಿದ್ದ ತಾಯಿಯ ಕಣ್ಣೆದುರಿಗೇ ಕೂಸು ಹಸಿವಿನಿಂದ ಸಾಯಬೇಕಾಗಿತ್ತು.

ಹಿತ್ತಿಲ ಬಾಗಿಲನ್ನು ಮೊದಲು ತಟ್ಟಿದವರು ಇಂಗ್ಲೆಂಡಿನವರು. ರಕ್ತವು ಮೈಯೊಳಗೆ ಸುತ್ತುತ್ತಿರುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ಸಾಧಿಸಿ ತೋರಿಸಿದ ಮೇಲೆ, ಸುತ್ತುವ ಹೊಳೆಗೆ ಒಂದು ಕಡೆ ಬಿಟ್ಟದ್ದು ಎಲ್ಲೆಡೆಗೂ ತಲಪಬೇಕಲ್ಲವೇ ಎಂಬ ಆಲೋಚನೆ ಹುಟ್ಟಿತು. 1656ರ ಸುಮಾರಿಗೆ ಕ್ರಿಸ್ಟೋಫರ್ ರೆನ್ ಎಂಬಾತ ಬಾತುಕೋಳಿಯ ಗರಿಯ ಕೊಳವೆಗೆ ಪ್ರಾಣಿಯ ಮೂತ್ರಕೋಶದ ಚೀಲವನ್ನು ಕಟ್ಟಿ, ನಾಯಿಯ ನಾಳಕ್ಕೆ ಮದ್ಯವನ್ನೂ ಅಫೀಮನ್ನೂ ಹೊಗಿಸಿ ನೋಡಿದ. ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿದ ಪ್ರಸಿದ್ಧ ಶಿಲ್ಪಿ ಈತನೇ. ಇಂದು ಆಸ್ಪತ್ರೆಯಲ್ಲಿ ಕಾಣುವ ಬಾಟ್ಲಿ ಮತ್ತು ನಳಿಕೆಗಳ ಮೂಲಪುರುಷ ಆ ಗರಿ ಮತ್ತು ಚೀಲ.

ಆಮೇಲೆ ಕಾಲರಾ ಬಂತು. 1831ರಲ್ಲಿ ಆ ಬೇನೆ ಇಂಗ್ಲೆಂಡಿಗೆ ಕಾಲಿಟ್ಟಾಗ ವಿಲಿಯಂ ಓಶಾನಸ್ಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ನೀರೂ ಉಪ್ಪೂ ಕಳೆದುಹೋಗಿ ರಕ್ತ ಗಟ್ಟಿಯಾಗಿದೆ, ಅವನ್ನು ಹಿಂದಿರುಗಿಸಬೇಕು ಎಂದ. ಮರುವರ್ಷ, 1832ರಲ್ಲಿ, ಸ್ಕಾಟ್ಲೆಂಡಿನ ಲೀತ್ ಊರಿನ ವೈದ್ಯ ಥಾಮಸ್ ಲಟ್ಟಾ ಉಪ್ಪು ನೀರನ್ನು ನಾಳಕ್ಕೆ ಹರಿಸಿದ. ಸಾಯುವ ಅಂಚಿನಲ್ಲಿದ್ದವರು ಕಣ್ಣು ತೆರೆದರು. ಈ ಓಶಾನಸ್ಸಿಯೇ ಮುಂದೆ ಕಲ್ಕತ್ತೆಗೆ ಬಂದು ಭಾರತದಲ್ಲಿ ತಂತಿ ಟಪಾಲನ್ನು ಸ್ಥಾಪಿಸಿದವನು. ಅದೇ ಶತಮಾನದ ನಡುವಿನಲ್ಲಿ ಕೆನಡಾ ದೇಶದ ಟೊರಾಂಟೋ ನಗರದ ಎಡ್ವರ್ಡ್ ಹಾಡರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾಲರಾ ರೋಗಿಗಳ ನಾಳಕ್ಕೆ ಹಸುವಿನ ಹಾಲನ್ನೇ ಬಿಟ್ಟ! ಕೆಲವರು ಬದುಕಿದರಂತೆ. ಆದರೆ ಹಾಲಿನ ಪ್ರಯೋಗವನ್ನು ವೈದ್ಯಲೋಕ ಬೇಗನೆ ಕೈಬಿಟ್ಟಿತು.

ನೀರು ಮತ್ತು ಉಪ್ಪನ್ನು ನಾಳ ಒಪ್ಪಿಕೊಂಡಿತು, ಅನ್ನವನ್ನು ಒಪ್ಪಲಿಲ್ಲ. ಏಕೆಂದು ವಿಚಾರಿಸಿದರೆ ನಾಲ್ಕು ತೊಡಕುಗಳು ಕಾಣುತ್ತವೆ.

ಮೊದಲನೆಯದು ಸ್ವಚ್ಛತೆ. ನಾವು ತಿನ್ನುವುದರಲ್ಲಿ ಕೊಂಚ ಕಶ್ಮಲವಿದ್ದರೂ ಹೊಟ್ಟೆಯ ಹುಳಿ ಮತ್ತು ಕರುಳಿನ ಗೋಡೆ ಅದನ್ನು ತಡೆಯುತ್ತವೆ. ನಾಳದಲ್ಲಿ ಅಂಥ ಕಾವಲುಗಾರರಿಲ್ಲ. ಕುದಿಸಿ ಬಟ್ಟಿಯಿಳಿಸಿದ ನೀರನ್ನು ಕೊಟ್ಟರೂ ಚಳಿಜ್ವರ ಬರುತ್ತಿದ್ದುದಕ್ಕೆ ಕಾರಣವನ್ನು ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಎಂಬ ಮಹಿಳೆ 1923ರಲ್ಲಿ ತೋರಿಸಿಕೊಟ್ಟರು: ಸೂಕ್ಷ್ಮಜೀವಿಗಳು ಸತ್ತರೂ ಅವು ಬಿಟ್ಟುಹೋದ ವಿಷ ನೀರಿನಲ್ಲಿ ಉಳಿದಿರುತ್ತದೆ. ಆ ವಿಷವೂ ಇಲ್ಲದಂತೆ ನೀರನ್ನು ಶುದ್ಧಗೊಳಿಸುವುದನ್ನು ಕಲಿತ ಮೇಲೆಯೇ ನಾಳಕ್ಕೆ ದ್ರವ ಕೊಡುವುದು ನಿರ್ಭಯವಾಯಿತು.

ಎರಡನೆಯದು ಸಸಾರಜನಕ, ಅಂದರೆ ಪ್ರೋಟೀನು. ಮೈ ಬೆಳೆಯಲು ಇದೇ ಇಟ್ಟಿಗೆ, ಗಾರೆ. ಆದರೆ ಹಾಲಿನ ಅಥವಾ ಮಾಂಸದ ಪ್ರೋಟೀನನ್ನು ಇದ್ದಂತೆಯೇ ರಕ್ತಕ್ಕೆ ಬಿಟ್ಟರೆ ದೇಹ ಅದನ್ನು ಶತ್ರುವೆಂದು ಬಗೆಯುತ್ತದೆ. ಕರುಳು ಅದನ್ನು ಅಮೈನೋ ಆಮ್ಲಗಳೆಂಬ ಸಣ್ಣ ತುಂಡುಗಳಾಗಿ ಒಡೆದು ರಕ್ತಕ್ಕೆ ಕೊಡುತ್ತದೆ. ಆ ಕೆಲಸವನ್ನು ಮೊದಲೇ ಪಾತ್ರೆಯಲ್ಲಿ ಮಾಡಿ ಕೊಡಬೇಕು. ಡೆನ್ಮಾರ್ಕಿನ ಹೆನ್ರಿಕ್ಸ್ ಮತ್ತು ಆಂಡರ್ಸನ್ 1913ರಲ್ಲಿ ಹೀಗೆ ಒಡೆದ ಪ್ರೋಟೀನನ್ನು ನಾಳಕ್ಕೆ ಕೊಟ್ಟು ಒಂದು ಮೇಕೆಯನ್ನು ಎರಡು ವಾರಗಳಿಗೂ ಹೆಚ್ಚು ಕಾಲ ಸಾಕಿದರು. 1937ರಲ್ಲಿ ಅಮೆರಿಕದ ರಾಬರ್ಟ್ ಎಲ್ಮನ್ ಅದನ್ನು ಮನುಷ್ಯರಿಗೆ ಕೊಟ್ಟ.

ಮೂರನೆಯದು ಜಿಡ್ಡು. ಕಡಿಮೆ ಅಳತೆಯಲ್ಲಿ ಹೆಚ್ಚು ಶಕ್ತಿ ಕೊಡುವುದು ಎಣ್ಣೆಯೇ. ಆದರೆ ಎಣ್ಣೆ ನೀರಿನೊಂದಿಗೆ ಬೆರೆಯದು. ರಕ್ತದಲ್ಲಿ ತೊಟ್ಟಾಗಿ ನಿಂತರೆ ನಾಳವನ್ನೇ ಕಟ್ಟಿಹಾಕೀತು. ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ದ್ರವ ತೊಂದರೆಗಳನ್ನು ತಂದು ಬಳಕೆ ತಪ್ಪಿತು. ಸ್ವೀಡನ್ ದೇಶದ ಅರ್ವಿಡ್ ರೆಟ್ಲಿಂಡ್ 1960ರ ದಶಕದ ಮೊದಲಲ್ಲಿ ಸೋಯಾ ಅವರೆಯ ಎಣ್ಣೆಯನ್ನು ಕೋಳಿಮೊಟ್ಟೆಯ ಹಳದಿಯಿಂದ ತೆಗೆದ ವಸ್ತುವಿನೊಂದಿಗೆ ಕಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿಸಿ ಹಾಲಿನಂಥ ದ್ರವವನ್ನು ತಯಾರಿಸಿದ. ‘ಇಂಟ್ರಾಲಿಪಿಡ್’ ಎಂಬ ಹೆಸರಿನ ಅದು ಇಂದಿಗೂ ಬಳಕೆಯಲ್ಲಿದೆ.

ನಾಲ್ಕನೆಯ ತೊಡಕು ಎಲ್ಲಕ್ಕಿಂತ ದೊಡ್ಡದು. ಅದನ್ನು ಮುಂದೆ ಹೇಳುತ್ತೇನೆ.

ಅಷ್ಟರಲ್ಲಿ ನಮ್ಮ ದೇಶದಲ್ಲಿ ಇನ್ನೊಂದು ಘೋರ ಕ್ಷಾಮ ಬಂತು. 1943ರಲ್ಲಿ ಬಂಗಾಳದ ಬೀದಿಗಳಲ್ಲಿ ಜನ ಕುಸಿದು ಬೀಳುತ್ತಿದ್ದಾಗ ಕಲ್ಕತ್ತೆಯ ವೈದ್ಯರು ಒಡೆದ ಪ್ರೋಟೀನಿನ ದ್ರವವನ್ನು ತಯಾರಿಸಿ, ಬಾಯಿಂದ ಉಣ್ಣಲಾರದವರಿಗೆ ನಾಳದ ಮೂಲಕ ಕೊಟ್ಟು ನೋಡಿದರು. ಧಾತು ಈಶ್ವರದ ಬರದಲ್ಲಿ ಪೋರ್ಟರ್ ಕಂಡಿದ್ದ ಮುಚ್ಚಿದ ಬಾಗಿಲಿಗೆ, 65 ವರ್ಷಗಳ ನಂತರ, ಅದೇ ದೇಶದ ವೈದ್ಯರು ಬೇರೆ ದಾರಿ ಹುಡುಕಲು ಹೊರಟಿದ್ದರು. ಆ ದ್ರವ ಸಾವಿನ ಮಹಾಪೂರವನ್ನು ತಡೆಯಲಾರದಾಯಿತು. ಬರಕ್ಕೆ ಮದ್ದು ಬಾಟ್ಲಿಯಲ್ಲಿಲ್ಲ, ಕಣಜದಲ್ಲಿದೆ ಎಂಬ ಪಾಠವೂ ಅದರಿಂದ ದೊರೆಯಿತು. ಆದರೂ ನಾಳದ ಊಟದ ಚರಿತ್ರೆಯಲ್ಲಿ ಆ ಪ್ರಯತ್ನಕ್ಕೆ ಒಂದು ಸ್ಥಾನವುಂಟು.

ಮರುವರ್ಷ, 1944ರಲ್ಲಿ, ಅಮೆರಿಕದ ಹೆಲ್‌ಫ್ರಿಕ್ ಮತ್ತು ಏಬಲ್‌ಸನ್ ಎಂಬ ಇಬ್ಬರು ವೈದ್ಯರು ಒಂದು ಮಗುವಿನ ವೃತ್ತಾಂತವನ್ನು ಪ್ರಕಟಿಸಿದರು. ಐದು ತಿಂಗಳ ಗಂಡು ಕೂಸು. ಎಲುಬು ಎಣಿಸುವಷ್ಟು ಸೊರಗಿತ್ತು. ಕಾಲಿನ ಹರಡಿನ ನಾಳಕ್ಕೆ ಸಕ್ಕರೆ, ಒಡೆದ ಹಾಲಿನ ಪ್ರೋಟೀನು, ಆಲಿವ್ ಎಣ್ಣೆಯ ಕಡೆದ ದ್ರವ, ಇವುಗಳನ್ನು ಐದು ದಿನ ಕೊಟ್ಟರು. ಕೂಸಿನ ಕೆನ್ನೆ ತುಂಬಿಕೊಂಡಿತು, ಎಲುಬುಗಳು ಮರೆಯಾಗತೊಡಗಿದವು. ಪೂರ್ಣ ಆಹಾರವನ್ನು ನಾಳದಿಂದಲೇ ಪಡೆದ ಮೊದಲ ಮಗು ಇದು ಎನ್ನಬೇಕು. ಆದರೆ ಐದು ದಿನ ಬೇರೆ, ಐದು ವಾರ ಬೇರೆ. ಮುಂದೆ ಹೋಗಲು ನಾಲ್ಕನೆಯ ತೊಡಕು ಅಡ್ಡ ನಿಂತಿತು.

ಅದನ್ನು ಲೆಕ್ಕದಲ್ಲಿಯೇ ಹೇಳುವುದು ಸುಲಭ. ಬೆಳೆಯುವ ಕೂಸಿಗೆ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 100 ಕ್ಯಾಲೊರಿ ಬೇಕು. 3 ಕಿಲೋ ಕೂಸಿಗೆ 300. ನಮ್ಮ ದವಾಖಾನೆಯ ಗ್ಲೂಕೋಸು ನೀರಿನಿಂದಲೇ ಇದನ್ನು ಕೊಡಹೋದರೆ ಒಂದೂವರೆ ಲೀಟರಿಗೂ ಹೆಚ್ಚು ಬೇಕಾಗುತ್ತದೆ. ಆ ಕೂಸಿನ ಮೈಯಲ್ಲಿರುವ ರಕ್ತವೇ ಸುಮಾರು ಕಾಲು ಲೀಟರು! ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರನ್ನು ಅದು ತಾಳದು. ಹಾಗಾದರೆ ಸಕ್ಕರೆಯನ್ನು ಗಟ್ಟಿಯಾಗಿ ಕಲಸಿ, ಕೊಂಚ ನೀರಿನಲ್ಲೇ ಕೊಡೋಣವೆಂದರೆ, ಅಂಥ ಪಾಕ ಕೈಕಾಲಿನ ಸಣ್ಣ ನಾಳಗಳನ್ನು ಸುಟ್ಟಂತೆ ಉರಿಸಿ, ಊದಿಸಿ, ಮುಚ್ಚಿಬಿಡುತ್ತದೆ. ತೆಳ್ಳಗೆ ಕೊಟ್ಟರೆ ಮುಳುಗುತ್ತದೆ, ಗಟ್ಟಿಯಾಗಿ ಕೊಟ್ಟರೆ ಸುಡುತ್ತದೆ. ಅತ್ತ ದರಿ, ಇತ್ತ ಪುಲಿ.

ಈ ಇಕ್ಕಟ್ಟನ್ನು ಬಿಡಿಸಿದವರು ಅಮೆರಿಕದ ಫಿಲಡೆಲ್ಫಿಯಾ ನಗರದ ಶಸ್ತ್ರವೈದ್ಯ ಸ್ಟ್ಯಾನ್ಲಿ ಡಡ್ರಿಕ್. ಹಿರಿಯರಾದ ಜೊನಾಥನ್ ರೋಡ್ಸ್ ಮತ್ತು ಹ್ಯಾರಿ ವಾರ್ಸ್, ಜೊತೆಗಾರ ಡಗ್ಲಸ್ ವಿಲ್ಮೋರ್, ಇವರೆಲ್ಲ ಅವರೊಡನಿದ್ದರು. ಅವರ ಉಪಾಯ ಬಲು ಸರಳ. ಸಣ್ಣ ತೊರೆಗೆ ಬೆಲ್ಲದ ಪಾಕ ಸುರಿದರೆ ತೊರೆಯೇ ಕಟ್ಟಿಕೊಂಡೀತು. ತುಂಬಿ ಹರಿಯುವ ಹೊಳೆಗೆ ಸುರಿದರೆ ಕ್ಷಣದಲ್ಲಿ ಕರಗಿಹೋಗುತ್ತದೆ. ಕೈಕಾಲಿನ ಸಣ್ಣ ನಾಳವನ್ನು ಬಿಟ್ಟು, ಹೃದಯಕ್ಕೆ ಸೇರುವ ಮಹಾನಾಳದವರೆಗೆ ಒಂದು ಸಣ್ಣ ನಳಿಕೆಯನ್ನು ತೂರಿಸಿ, ಅಲ್ಲಿ ರಭಸದಿಂದ ಹರಿಯುವ ರಕ್ತಕ್ಕೆ ಗಟ್ಟಿ ಆಹಾರವನ್ನು ಹನಿಹನಿಯಾಗಿ ಬಿಟ್ಟರೆ? ಒಂದೇ ಸೂಲಿನ ನಾಯಿಮರಿಗಳಲ್ಲಿ ಕೆಲವಕ್ಕೆ ಬಾಯಿಂದ, ಕೆಲವಕ್ಕೆ ನಾಳದಿಂದ ಆಹಾರ ಕೊಟ್ಟು ತಿಂಗಳುಗಟ್ಟಲೆ ಸಾಕಿದರು. ನಾಳದಿಂದ ಉಂಡ ಮರಿಗಳೂ ಒಡಹುಟ್ಟಿದವುಗಳ ಸಮಕ್ಕೆ ಬೆಳೆದವು.

1967ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಗೆ ಒಂದು ಹೆಣ್ಣು ಕೂಸು ಬಂತು. ಅದರ ಸಣ್ಣ ಕರುಳು ಹೆಚ್ಚುಕಡಿಮೆ ಇಲ್ಲವೆನ್ನುವ ಸ್ಥಿತಿ. ಹುಟ್ಟಿದಾಗಿನಿಂದ ತೂಕ ಇಳಿಯುತ್ತ ಬಂದು, ಇನ್ನೇನು ಪ್ರಾಣ ಹೋಗುವುದರಲ್ಲಿತ್ತು. ಕತ್ತಿನ ನಾಳದಿಂದ ಮಹಾನಾಳಕ್ಕೆ ನಳಿಕೆ ಇಳಿಸಿ, ಅದರ ಇನ್ನೊಂದು ತುದಿಯನ್ನು ಚರ್ಮದ ಕೆಳಗೆ ಕಿವಿಯ ಹಿಂದಕ್ಕೆ ಸಾಗಿಸಿ, ನೆತ್ತಿಯ ಬದಿಯಲ್ಲಿ ಹೊರಕ್ಕೆ ತಂದರು. ಸೋಂಕು ನಾಳಕ್ಕೆ ನೇರವಾಗಿ ನುಗ್ಗದಿರಲೆಂದು ಈ ಸುತ್ತುದಾರಿ. ಕೂಸಿನ ತೂಕ ಏರಿತು, ಉದ್ದ ಬೆಳೆಯಿತು, ತಲೆಯ ಸುತ್ತಳತೆ ಹೆಚ್ಚಿತು. ಒಂದು ತುತ್ತನ್ನೂ ನುಂಗದೆ ಮನುಷ್ಯನ ಕೂಸೊಂದು ಬೆಳೆಯಬಲ್ಲದು ಎಂಬುದನ್ನು 1968ರಲ್ಲಿ ಪ್ರಕಟವಾದ ಅವರ ಲೇಖನದಿಂದ ಜಗತ್ತು ತಿಳಿಯಿತು. ಆ ಹುಡುಗಿ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಳು. ಆದರೆ ಅವಳಿಂದ ಕಲಿತದ್ದು ಆಮೇಲೆ ಲಕ್ಷಾಂತರ ಮಕ್ಕಳನ್ನು ಉಳಿಸಿತು.

ಮಕ್ಕಳ ವಿಷಯದಲ್ಲಿ ಇಷ್ಟು ಆತುರವೇಕೆ, ಕಾದು ನೋಡಬಾರದೇ ಎಂದರೆ, ಕಾಯಲು ಅವರಲ್ಲಿ ಬಂಡವಾಳವಿಲ್ಲ. ನೀರು ಮಾತ್ರ ಕೊಟ್ಟು ಬೇರೇನೂ ಕೊಡದಿದ್ದರೆ ಆರೋಗ್ಯವಂತ ದೊಡ್ಡವನು ಸುಮಾರು 3 ತಿಂಗಳು ಜೀವ ಹಿಡಿದಾನು. ತಿಂಗಳು ತುಂಬಿ ಹುಟ್ಟಿದ ಕೂಸು ಸುಮಾರು 1 ತಿಂಗಳು. ಒಂದೇ ಕಿಲೋ ತೂಕದ ಅಕಾಲ ಶಿಶುವಾದರೆ ಬರಿಯ 4 ದಿನ. 1972ರಲ್ಲಿ ವಿಜ್ಞಾನಿಗಳು ಮೈಯಲ್ಲಿನ ಕೂಡಿಟ್ಟ ಶಕ್ತಿಯನ್ನು ಎಣಿಸಿ ಕಂಡುಕೊಂಡ ಲೆಕ್ಕವಿದು. ರೇಷ್ಮೆ ಸಾಕುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಜ್ವರ ಕಳೆಯುವವರೆಗೆ ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಹದವರಿತು ಹೆಚ್ಚಿ ಹಾಕದಿದ್ದರೆ, ಆಮೇಲೆ ಎಷ್ಟು ಸೊಪ್ಪು ಸುರಿದರೂ ಗೂಡು ಗಟ್ಟಿಯಾಗದು. ಕೂಸಿನ ಮಿದುಳೂ ಅಷ್ಟೆ. ಮೊದಲ ವಾರಗಳಲ್ಲಿ ತಪ್ಪಿದ ಪೋಷಣೆಯನ್ನು ಮುಂದೆ ಪೂರ್ತಿಯಾಗಿ ತುಂಬಿಕೊಡುವುದು ಕಷ್ಟ.

ಈಗ ಈ ಊಟವನ್ನು ಹೇಗೆ ಬಡಿಸುತ್ತಾರೆ? ಅತಿ ಚಿಕ್ಕ ಶಿಶುವಿಗೆ ಬಳಸುವ ನಳಿಕೆಯ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಷ್ಟೇ. ಕೆಲವು ಎಳೆ ಕೂಡಿಸಿ ಹುರಿಮಾಡಿದ ದಾರದ ಹಾಗೆ. ಹುಟ್ಟಿದ ಮೊದಲ ದಿನಗಳಲ್ಲಿ ಹೊಕ್ಕುಳಬಳ್ಳಿಯ ನಾಳವನ್ನೇ ದಾರಿಯಾಗಿ ಬಳಸುವುದೂ ಉಂಟು. ಪ್ರತಿದಿನ ಕೂಸನ್ನು ತೂಗಿ, ರಕ್ತವನ್ನು ಪರೀಕ್ಷಿಸಿ, ಆ ದಿನಕ್ಕೆ ಎಷ್ಟು ಸಕ್ಕರೆ, ಎಷ್ಟು ಅಮೈನೋ ಆಮ್ಲ, ಎಷ್ಟು ಜಿಡ್ಡು, ಎಷ್ಟು ಉಪ್ಪು, ಸುಣ್ಣ, ರಂಜಕ, ಜೀವಸತ್ತ್ವ ಎಂದು ವೈದ್ಯರು ಬರೆದುಕೊಡುತ್ತಾರೆ. ಧೂಳಿಲ್ಲದ ಗಾಳಿಯ ಪೆಟ್ಟಿಗೆಯೊಳಗೆ ಅದನ್ನು ಬೆರೆಸುತ್ತಾರೆ. ಯಂತ್ರವೊಂದು ಗಂಟೆಗೆ ಇಷ್ಟು ಎಂದು ಅಳೆದು 24 ಗಂಟೆಯೂ ಹರಿಸುತ್ತದೆ. ಒಂದೊಂದು ಕೂಸಿಗೂ ಪ್ರತ್ಯೇಕವಾದ, ದಿನದಿನವೂ ಬದಲಾಗುವ ಅಡುಗೆ ಇದು.

ಅಡುಗೆಯಲ್ಲಿ ಚಿಟಿಕೆ ತಪ್ಪಿದರೂ ಅನಾಹುತ. ಮೊದಮೊದಲು ಹೀಗೆ ಉಂಡ ಕೆಲವು ಮಕ್ಕಳಿಗೆ ಬಾಯಿಯ ಸುತ್ತ ಚರ್ಮ ಕಿತ್ತುಬರತೊಡಗಿತು. ಸತುವೆಂಬ ಲೋಹದ ಅಣುವಿನಷ್ಟು ಅಂಶ ಆಹಾರದಲ್ಲಿ ಇಲ್ಲದ್ದೇ ಕಾರಣವೆಂದು 1970ರ ದಶಕದಲ್ಲಿ ತಿಳಿಯಿತು. ತಾಯಿಯ ಹಾಲಿನಲ್ಲಿ ಪ್ರಕೃತಿ ಎಷ್ಟನ್ನು ಬೆರೆಸಿಟ್ಟಿದೆ ಎಂಬುದು ಅದನ್ನು ಬಾಟ್ಲಿಯಲ್ಲಿ ಬೆರೆಸಹೋದಾಗಲೇ ಗೊತ್ತಾದದ್ದು! ವಾರಗಟ್ಟಲೆ ನಾಳದಿಂದಲೇ ಉಂಡ ಮಕ್ಕಳ ಪಿತ್ತಜನಕಾಂಗ ಕೆಡುತ್ತಿತ್ತು. ಕಣ್ಣು, ಮೈ ಹಳದಿಯಾಗುತ್ತಿತ್ತು. ಸೋಯಾ ಎಣ್ಣೆಯ ಬದಲಿಗೆ ಮೀನೆಣ್ಣೆಯ ದ್ರವ ಕೊಟ್ಟು ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯವರು ಈ ಶತಮಾನದ ಮೊದಲ ದಶಕದಲ್ಲಿ ಅಂಥ ಮಕ್ಕಳನ್ನು ಗುಣಪಡಿಸತೊಡಗಿದರು. 2018ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲಕ್ಕಿಂತ ದೊಡ್ಡ ಭಯ ನಳಿಕೆಯ ದಾರಿಯಿಂದ ನುಗ್ಗುವ ಸೋಂಕು. ಕೈ ತೊಳೆಯದೆ ಮುಟ್ಟಿದ ಒಂದು ಬೆರಳು ಸಾಕು.

ದ್ರವದ ಶುದ್ಧತೆ ಹಳೆಯ ಕಾಲದ ಚಿಂತೆ ಎಂದು ಯಾರೂ ತಿಳಿಯಬೇಕಾಗಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ನಾಳಕ್ಕೆ ಹರಿಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರವದ ಮೇಲೆ ಸಂಶಯ ಬಿತ್ತು. ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಬೇಕಾಯಿತು. ಅದು ಪೋಷಣೆಯ ದ್ರವವಲ್ಲ, ಉಪ್ಪುನೀರಿನ ಜಾತಿಯದು. ಆದರೂ ನಾಳಕ್ಕೆ ಹೋಗುವ ಪ್ರತಿ ಹನಿಯ ಬಗ್ಗೆಯೂ ಎಚ್ಚರ ಎಷ್ಟಿರಬೇಕೆಂಬುದನ್ನು ಆ ಸಾವುಗಳು ನಾಡಿಗೆ ನೆನಪಿಸಿದವು. ವೈದ್ಯರು “ಡ್ರಿಪ್ ಬೇಡ” ಎಂದಾಗ ಜಿಪುಣತನವೆಂದು ಬಗೆಯುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಮೇಲು.

ನಮ್ಮ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ. ಆರೋಗ್ಯದ ವಿಷಯದಲ್ಲಿ ಈ ಸೀಮೆ ಹಿಂದೆ ಬಿದ್ದದ್ದಲ್ಲ. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಗ್ರಾಮಾರೋಗ್ಯ ಘಟಕವನ್ನು ತೆರೆಯಿತು. ಮುಂದಿನ ದಶಕದಲ್ಲಿ ಆಗಿನ ಕ್ಲೋಸ್‌ಪೇಟೆಯಲ್ಲಿಯೇ ಆರೋಗ್ಯ ತರಬೇತಿ ಕೇಂದ್ರ ಬಂತು. ಹಳ್ಳಿಯಲ್ಲಿ ಬಾಣಂತಿಯ, ಕೂಸಿನ ಯೋಗಕ್ಷೇಮ ನೋಡುವವರಿಗೆ ಪಾಠ ಹೇಳಿದ ಊರು ಇದು. ಬೆಂಗಳೂರಿನಲ್ಲಿ 1935ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ತೆರೆಯಿತು. 2007ರ ಆಗಸ್ಟಿನಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಯಿತು. 2008ರ ನವೆಂಬರಿನಿಂದ 108 ಸಂಖ್ಯೆಗೆ ಕರೆದರೆ ಬರುವ ಆಂಬ್ಯುಲೆನ್ಸುಗಳಿವೆ. ನಾಲ್ಕೂ ಊರುಗಳಿಂದ ಬೆಂಗಳೂರು 50–60 ಕಿಲೋಮೀಟರಿನ ಆಸುಪಾಸಿನಲ್ಲಿದೆ.

ಈ ದೂರ ಕೂಸಿಗೆ ಬಹು ಮುಖ್ಯವಾದದ್ದು. ಸಕ್ಕರೆ, ಉಪ್ಪಿನ ಡ್ರಿಪ್ಪು ಜಿಲ್ಲಾ ಆಸ್ಪತ್ರೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ದೊರೆಯುತ್ತದೆ. ಪೂರ್ಣ ಪೋಷಣೆಯನ್ನು ನಾಳದಿಂದ ಕೊಡುವುದಕ್ಕೆ ಶಿಶುತಜ್ಞರು, ದಿನವೂ ರಕ್ತ ನೋಡುವ ಪ್ರಯೋಗಶಾಲೆ, ಹಗಲಿರುಳು ಕಾಯುವ ದಾದಿಯರು, ಬೆರೆಸುವ ಶುದ್ಧ ಕೋಣೆ, ಇಷ್ಟೂ ಬೇಕು. ಅದು ದೊಡ್ಡ ಆಸ್ಪತ್ರೆಗಳ ಕೆಲಸ. ಆದುದರಿಂದ ಗರ್ಭಿಣಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡರೆ, ಅಥವಾ ಸ್ಕ್ಯಾನಿಂಗಿನಲ್ಲಿ ಕೂಸಿನ ಕರುಳಿಗೆ ತೊಂದರೆಯಿದೆ ಎಂದು ತಿಳಿದರೆ, ಕೂಸು ಹುಟ್ಟಿದ ಮೇಲೆ ಹೊತ್ತುಕೊಂಡು ಓಡುವುದಕ್ಕಿಂತ ತಾಯಿಯೇ ಮೊದಲು ಅಂಥ ಆಸ್ಪತ್ರೆ ಸೇರುವುದು ಲೇಸು. ಕೂಸಿಗೆ ತಾಯಿಯ ಮಡಿಲಿಗಿಂತ ಸುರಕ್ಷಿತವಾದ ಆಂಬ್ಯುಲೆನ್ಸು ಇಲ್ಲ. ಹುಟ್ಟಿದ ಕೂಸು ಹಸಿರು ಬಣ್ಣದ ವಾಂತಿ ಮಾಡಿದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ಒಂದು ದಿನ ಕಳೆದರೂ ಕಪ್ಪು ಮಲ ಹೋಗದಿದ್ದರೆ, ಬಜೆ ತೇದು ಹಾಕುತ್ತ ಹೊತ್ತು ಕಳೆಯಬೇಡಿ. ಒಳಗಿನ ಬಾಗಿಲು ಮುಚ್ಚಿದೆ ಎಂಬುದಕ್ಕೆ ಅವು ಸೂಚನೆಗಳಿರಬಹುದು.

ಇನ್ನು ಬಾಗಿಲು ತೆರೆದೇ ಇರುವ ಮಕ್ಕಳ ವಿಷಯ. ನಮ್ಮ ಮಕ್ಕಳಲ್ಲಿ ಬಹುಪಾಲು ಇಂಥವರೇ. ಭೇದಿಯಾಗಿ ಸೊರಗಿದ ಮಗುವಿಗೆ ನಾಳವನ್ನು ಚುಚ್ಚುವುದು ಸಾಮಾನ್ಯವಾಗಿ ಅನಗತ್ಯ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ, ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ಪಿನ ಬಾಟ್ಲಿಗಳು ಮುಗಿದುಹೋದಾಗ, ಡಾಕ್ಟರ್ ದಿಲೀಪ್ ಮಹಲನಬೀಸ್ ಸಕ್ಕರೆ ಮತ್ತು ಉಪ್ಪನ್ನು ಅಳತೆಯಲ್ಲಿ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕರುಳಿನ ಗೋಡೆ ಸಕ್ಕರೆಯನ್ನು ಒಳಗೆ ಸೆಳೆಯುವಾಗ ಉಪ್ಪನ್ನೂ, ಅದರ ಹಿಂದೆ ನೀರನ್ನೂ ಸೆಳೆದುಕೊಳ್ಳುತ್ತದೆ ಎಂಬುದೇ ಇದರ ಮರ್ಮ. ಆರೋಗ್ಯ ಕೇಂದ್ರದಲ್ಲಿ ಕೊಡುವ ಓ.ಆರ್.ಎಸ್. ಪೊಟ್ಟಣ ಇದೇ. ಮಗು ಕುಡಿಯಲಾರದಷ್ಟು ಮಂಕಾಗಿದ್ದರೆ, ಎಲ್ಲವನ್ನೂ ಕಾರಿಕೊಳ್ಳುತ್ತಿದ್ದರೆ ಮಾತ್ರ ಡ್ರಿಪ್ಪಿನ ಕಾಲ ಬಂತೆಂದು ಅರ್ಥ. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನಾಳದಿಂದ ಉಣ್ಣುವ ಮಗುವಿನ ವಿಷಯದಲ್ಲೂ ವೈದ್ಯರು ಮೊದಲ ದಿನದಿಂದಲೇ ಯೋಚಿಸುವುದು ಅದನ್ನು ಯಾವಾಗ ಬಿಡಿಸುವುದೆಂದು. ಉಪಯೋಗಿಸದ ಕರುಳು ಸವೆಯುತ್ತದೆ. ಬರಗಾಲದ ಹೆಣಗಳಲ್ಲಿ ಪೋರ್ಟರ್ ಕಂಡ ಪಾಠ ಇಲ್ಲಿಯೂ ಸಲ್ಲುತ್ತದೆ. ಹಾಗಾಗಿ ಕರುಳು ತಾಳುವುದಾದರೆ, ನಾಳದ ಊಟ ನಡೆದಿರುವಾಗಲೇ ತಾಯಿಯ ಹಾಲನ್ನು ಕೆಲವೇ ಹನಿಗಳಿಂದ ಆರಂಭಿಸುತ್ತಾರೆ. ಹನಿ ಚಮಚವಾಗಿ, ಚಮಚ ಒಳಲೆಯಾಗಿ ಏರಿದಂತೆ ನಾಳದ ಊಟ ಇಳಿಯುತ್ತ ಬರುತ್ತದೆ. ತಾಯಿಗೆ ಹಾಲು ಸಾಲದಿದ್ದರೆ ಬೇರೆ ತಾಯಂದಿರು ದಾನವಾಗಿತ್ತ ಹಾಲನ್ನು ಕಾಯಿಸಿ ಶುದ್ಧಗೊಳಿಸಿ ಕೊಡುವ ಏರ್ಪಾಡೂ ಇದೆ. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಆರಂಭಿಸಿದ ಅಂಥ ಹಾಲಿನ ಬ್ಯಾಂಕು, 2022ರಲ್ಲಿ ‘ಅಮೃತಧಾರೆ’ ಎಂಬ ಹೆಸರಿನಲ್ಲಿ ನಮ್ಮ ವಾಣಿವಿಲಾಸ ಆಸ್ಪತ್ರೆಗೂ ಬಂದಿದೆ.

ಮುನ್ನೂರು ವರ್ಷಗಳ ಶೋಧನೆಯ ಸಾರ ಇಷ್ಟು: ನಾಳದ ದಾರಿ ಹೊಳೆಗೆ ಕಟ್ಟಿದ ಕಾಲುಸಂಕದ ಹಾಗೆ. ಪ್ರವಾಹದಲ್ಲಿ ಅದರಿಂದಲೇ ಪ್ರಾಣ ಉಳಿಯುತ್ತದೆ. ಆದರೆ ಸಂಕದ ಮೇಲೆ ಯಾರೂ ಮನೆ ಕಟ್ಟಿಕೊಳ್ಳುವುದಿಲ್ಲ, ದಾಟಿ ಆಚೆಯ ದಡ ಸೇರಬೇಕು. ಆಚೆಯ ದಡದಲ್ಲಿರುವುದು ತಾಯಿಯ ಎದೆಹಾಲು. ಆರು ತಿಂಗಳು ತುಂಬಿದ ಮೇಲೆ ಅದರ ಜೊತೆಗೆ ಮೊಳಕೆ ಕಟ್ಟಿದ ರಾಗಿಯ ಸರಿ. ಕರುಳು ಸರಿಯಿರುವ ಮಗುವಿಗೆ ಅದಕ್ಕಿಂತ ಒಳ್ಳೆಯ ಬಾಟ್ಲಿಯನ್ನು ಯಾವ ದೇಶದ ವಿಜ್ಞಾನಿಯೂ ಈವರೆಗೆ ತುಂಬಿಲ್ಲ.